ಹಡೆದವಳ ಅಪೀಲು

ಘಟಪ್ರಭಾದಲ್ಲಿ ನಮ್ಮ ನೆರೆಮನೆಯ ಹೊಲಿಗೆಯಕ್ಕ ಸಿಟ್ಟು ಬಂದರೆ ಕತ್ತರಿ ಬಿಟ್ಟು ಹಲ್ಲಿನಿಂದಲೇ ದಾರ ಕಡಿಯುತ್ತಿದ್ದಳು. ಗಂಡನನ್ನು ಬಿಟ್ಟು ಬಂದವಳಿಗೆ ಮಗು ಸಾಕುವ ಯೋಗ್ಯತೆಯಿಲ್ಲವೆಂದು ಕೆಳಗಿನ ಕೋರ್ಟು ಎರಡು ವರ್ಷದ ಮಗಳನ್ನು ಅವನಿಗೆ ಒಪ್ಪಿಸಿತ್ತು. "ನಾ ಹಡದೇನ್ರಿ, ಕದ್ದಿಲ್ಲ," ಎಂದು ಸಿಕ್ಕವರಿಗೆಲ್ಲ ಹೇಳುತ್ತ ಐದು ವರ್ಷ ಮೇಲಿನ ಕೋರ್ಟಿಗೆ ಅಲೆದಳು.

ಕೊನೆಗೆ ಗೆದ್ದಳು. ಮಗಳನ್ನು ಕರೆತರಲು ಗಂಡನ ಊರಾದ ಹುಕ್ಕೇರಿಗೆ ಅವಳ ಮತ್ತು ಅವಳ ವಕೀಲರ ಜೊತೆ ನಾನೂ ಹೋಗಿದ್ದೆ. ಹುಡುಗಿ ಅಜ್ಜಿಯ ಸೆರಗು ಹಿಡಿದುಕೊಂಡು, "ನೀವ್ಯಾರ್ರಿ?" ಎಂದಳು.

"ಕೋರ್ಟಿನ ಆರ್ಡರ್ ಐತಿ, ಎತ್ಕೊಂಡ ನಡೀರಿ," ಎಂದರು ವಕೀಲರು.

ಅಕ್ಕ ಅವರತ್ತ ತಿರುಗಿ ಚೀರಿದಳು: "ಅವತ್ತ ನನ್ನ ತೊಡಿಮ್ಯಾಲಿಂದ ನೀವು ಕೋರ್ಟಿನವರು ಕಿತ್ಕೊಂಡ್ರಿ. ಇವತ್ತ ನನ್ನ ಕೈಲೇ ಕೀಳಸ್ತೀರೇನು?"

ಬರಿಗೈಯಲ್ಲಿ ಮರಳಿದೆವು. ಆಮೇಲೆ ಅಕ್ಕ ವಾರಕ್ಕೆರಡು ಸಲ ಅಲ್ಲಿಗೆ ಹೋಗಿ ಆ ಮನೆಯ ಕಟ್ಟೆಯ ಮೇಲೆ ಕೂತು ಬರುತ್ತಿದ್ದಳು. ಮಗಳು ತಾನಾಗಿ ಅವಳ ಬೆರಳು ಹಿಡಿದು ಬಸ್ಸು ಹತ್ತುವುದಕ್ಕೆ ಇನ್ನೂ ಎಂಟು ತಿಂಗಳು ಹಿಡಿಯಿತು.