ಬೆನ್ನ ಮೇಲೆ ನಡೆಯುವ ಹುಳು

ಹುಲ್ಲಿಗೂ ರೋಗ ಬರುತ್ತದೆ ಎಂದರೆ ಬಸವಕಲ್ಯಾಣದಲ್ಲಿ ಆಗ ಜನ ನನ್ನ ಮುಖವನ್ನೇ ನೋಡುತ್ತಿದ್ದರು. ದನ ತಿನ್ನುವ ವಸ್ತುವಿಗೆ ವೈದ್ಯ ಮಾಡುವ ಮಾಸ್ತರ ಎಂದು ಶಿಕ್ಷಕರ ಕೋಣೆಯಲ್ಲಿ ಗೇಲಿ ನಡೆಯುತ್ತಿತ್ತು. ನಾನು ಹೈಸ್ಕೂಲಿನ ವ್ಯಾಯಾಮ ಶಿಕ್ಷಕ, ಮೈಸೂರು ಸೀಮೆಯವನು. ರಾಜ್ಯ ಒಂದಾದ ಕೆಲವು ವರ್ಷಗಳ ಮೇಲೆ ಆ ಕಡೆ ನೌಕರಿ ಸಿಕ್ಕಿತು. ಉರ್ದು ಬಾರದು, ಮರಾಠಿ ಬಾರದು. ನನ್ನ ಕನ್ನಡ ಅವರಿಗೆ ನಗೆ, ಅವರ ಕನ್ನಡ ನನಗೆ ಅರ್ಧಂಬರ್ಧ. ಮದುವೆ ಆಗಿರಲಿಲ್ಲ, ಆಮೇಲೂ ಆಗಲಿಲ್ಲ, ಆ ಮಾತು ಬೇರೆ. ಶಾಲೆ ಬಿಟ್ಟ ಮೇಲೆ ಮಾತಾಡಲು ಒಂದು ನರಪಿಳ್ಳೆಯೂ ಇಲ್ಲದವನು ಸಂಜೆಗಳನ್ನು ಏನು ಮಾಡಬೇಕು? ನಾನು ಹುಲ್ಲು ಬೆಳೆಸಿದೆ.

ನಮ್ಮ ಫುಟ್‌ಬಾಲ್ ಮೈದಾನ ಬರೀ ಮುರುಮು, ಹರಳುಕಲ್ಲಿನ ಗರಸು ನೆಲ. ಹುಡುಗರು ಬಿದ್ದರೆ ಮೊಣಕಾಲಿನ ಚರ್ಮ ಅಲ್ಲೇ ಉಳಿಯುತ್ತಿತ್ತು. ಮಳೆಗಾಲದ ಮೊದಲಲ್ಲಿ ಬಾವಿಗಳ ದಂಡೆಯಿಂದ ಗರಿಕೆ ಕಿತ್ತು ತಂದು, ತುಂಡು ಮಾಡಿ, ಸಾಲು ಹಿಡಿದು ಊರಿದೆ. ಗರಿಕೆ ಎಂದು ನಾನಂದರೆ ಕರಕಿ ಎಂದು ಅವರು ತಿದ್ದುತ್ತಿದ್ದರು. ಹೆಸರು ಏನೇ ಇರಲಿ, ಅದು ಹಿಡಿಯಿತು. ಆದರೆ ಮುರುಮಿನಲ್ಲಿ ಬಲವಿರಲಿಲ್ಲ. ಗೊಬ್ಬರ ಬೇಕಾಗಿತ್ತು.

ಗೊಬ್ಬರ ಕೊಟ್ಟವರು ನಾರಾಯಣಪುರದ ಒಬ್ಬ ರೈತರು. ನನಗಿಂತ ಬಹಳ ಹಿರಿಯರು. ಸಂತೆಗೆ ಬಂದ ದಿನ ಎತ್ತುಗಳನ್ನು ಮೈದಾನದ ಅಂಚಿನ ಬೇವಿನ ಮರಕ್ಕೆ ಕಟ್ಟಿ, ಅಲ್ಲೇ ಇದ್ದ ಕಲ್ಲಿನ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಕೂತು ಆಟ ನೋಡುವರು. ಆಟದ ನಿಯಮ ಅವರಿಗೆ ಒಂದೂ ತಿಳಿಯದು. ತಿಳಿಸಿಕೊಡಲು ಹೋದರೆ ಕೇಳುವವರೂ ಅಲ್ಲ. ಅವರ ಕಣ್ಣೆಲ್ಲ ಗೋಲು ಕಾಯುವ ಹುಡುಗನ ಮೇಲೆ. ಎಲ್ಲರೂ ಕೂಡಿ ಓಡುವಾಗ ಅವನೊಬ್ಬನನ್ನೇ ಯಾಕೆ ಅಲ್ಲಿ ನಿಲ್ಲಿಸಿದ್ದೀರಿ ಎಂದು ಪ್ರತಿ ಸಂತೆಗೂ ಕೇಳುವರು. ನಾನು ಪ್ರತಿ ಸಂತೆಗೂ ಹೇಳುವೆ. ನಮ್ಮ ಸ್ನೇಹ ಇಷ್ಟೇ. ಆದರೂ ವಾರವೆಲ್ಲ ನಾನು ಆ ದಿನಕ್ಕೆ ಕಾಯುತ್ತಿದ್ದೆ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಗೊಬ್ಬರದ ಮಾತು ಕಿವಿಗೆ ಬಿದ್ದದ್ದೇ ತಡ, ಮುಂದಿನ ಸಂತೆಗೆ ಗಾಡಿ ತುಂಬಿ ತಂದರು. ಕಲ್ಯಾಣದ ಸುತ್ತ ಕೊಡುವುದಕ್ಕೊಂದು ರೀತಿಯಿದೆ. ಮಠದ ಅಡುಗೆಗೆ ಜೋಳ ಕೊಟ್ಟರೂ ದಾಸೋಹ, ಶಾಲೆಗೆ ತಿಪ್ಪೆಯ ಗೊಬ್ಬರ ಕೊಟ್ಟರೂ ದಾಸೋಹ. ಕೊಟ್ಟವನು ನಾನು ಕೊಟ್ಟೆ ಅನ್ನಬಾರದು. ಕೊಟ್ಟ ವಸ್ತುವಿನಲ್ಲಿ ದೋಷ ಇರಬಾರದು. ಅವರು ತಿಪ್ಪೆಯ ಅಡಿಯಿಂದ ಚೆನ್ನಾಗಿ ಕಳಿತದ್ದನ್ನೇ ಬಗೆದು ತಂದಿದ್ದರು. ಅದರಲ್ಲಿ ಹೆಬ್ಬೆರಳಿನಷ್ಟು ದಪ್ಪದ ಬಿಳಿ ಹುಳುಗಳಿದ್ದವು. ನಾನು ಹಿಂದೆ ಸರಿದೆ. ಹುಳು ಇದ್ದರೇ ಗೊಬ್ಬರ ಛಲೋ ಎಂದು ನಕ್ಕರು.

ಎರಡು ಮಳೆಗಾಲ ಆ ಮೈದಾನ ನೋಡುವ ಹಾಗಿತ್ತು. ಮೂರನೆಯದರಲ್ಲಿ, ಗಣಪತಿ ಹಬ್ಬ ಕಳೆದ ಮೇಲೆ, ಗೋಲಿನ ಹತ್ತಿರ ಹುಲ್ಲು ಹಳದಿಯಾಯಿತು. ಅದೇ ಹೊತ್ತಿಗೆ ಶಾಲಾ ಸಮಿತಿಯವರು ಹೊಸ ಕೋಣೆಗಳಿಗೆ ಜಾಗ ಹುಡುಕುತ್ತಿದ್ದರು. ಹಸಿರಾಗಿದ್ದರೆ ಮೈದಾನಕ್ಕೆ ಕೈ ಹಚ್ಚುವುದಿಲ್ಲ, ಒಣಗಿದ ಜಾಗಕ್ಕೆ ಯಾಕೆ ಮರುಗುವುದು ಎಂದು ಹೆಡ್ ಮಾಸ್ತರರು ಮುಖಕ್ಕೇ ಹೇಳಿದ್ದರು. ಹುಲ್ಲು ಹೋದರೆ ಮೈದಾನ ಹೋಯಿತು, ಮೈದಾನ ಹೋದರೆ ನನ್ನ ಸಂಜೆ ಹೋಯಿತು.

ಬಾಯಾರಿಕೆ ಇರಬೇಕೆಂದು ಮೊದಲು ನೀರು ಹೊತ್ತು ಹಾಕಿದೆ. ಹಳದಿ ಹಬ್ಬಿತು. ಒಂದು ಮುಂಜಾನೆ ಇಬ್ಬನಿಯಲ್ಲಿ ಬಗ್ಗಿ ನೋಡಿದರೆ ಎಸಳುಗಳ ಮೇಲೆ ಜೇಡರ ಬಲೆಯಂಥ ಬಿಳಿ ನೂಲು. ಇದು ಬೂಷ್ಟು, ರಾತ್ರಿಯ ತೇವದಿಂದ ಬರುವ ರೋಗ ಎಂದು ಸಂಜೆ ನೀರು ಹಾಕುವುದನ್ನು ಬಿಟ್ಟೆ. ಬೆಳಗಾಗುತ್ತಲೇ ಉದ್ದನೆಯ ಹಗ್ಗ ಎಳೆದು ಹುಲ್ಲಿನ ಇಬ್ಬನಿ ಉದುರಿಸತೊಡಗಿದೆ. ಖಾಲಿ ಮೈದಾನದಲ್ಲಿ ಹಗ್ಗ ಎಳೆದುಕೊಂಡು ಒಬ್ಬನೇ ಅತ್ತಿಂದಿತ್ತ ನಡೆಯುವ ಮಾಸ್ತರನಿಗೆ ತಲೆ ಕೆಟ್ಟಿದೆ ಎಂದು ಹಾಲು ಹಾಕುವವರು ಊರೆಲ್ಲ ಹೇಳಿದರು. ನೂಲು ಹೋಯಿತು. ಹಳದಿ ಹೋಗಲಿಲ್ಲ. ಕಾಗೆ, ಗೊರವಂಕಗಳು ಅಲ್ಲೇ ಕೂತು ಕುಕ್ಕುವುದನ್ನು ಕಂಡು, ಕೊನೆಗೊಂದು ದಿನ ಆ ಹುಲ್ಲನ್ನು ಹಿಡಿದು ಎಳೆದೆ. ಹಾಸಿದ ಕಂಬಳಿಯ ಹಾಗೆ ಮಡಚಿಕೊಂಡು ಬಂತು. ಕೆಳಗೆ ಬೇರುಗಳೇ ಇರಲಿಲ್ಲ. ಮಣ್ಣಿನಲ್ಲಿ ಬಿಳಿ ಹುಳುಗಳು ಬಾಗಿ ಮಲಗಿದ್ದವು.

ಸಮಿತಿಯವರಿಗೆ ತೋರಿಸಿದೆ. ತಿಪ್ಪೆಯ ಹುಳು, ಗೊಬ್ಬರದಲ್ಲಿ ಬಂದದ್ದು ಎಂದು ಒಬ್ಬರು ಅಂದರು, ಉಳಿದವರು ತಲೆಯಾಡಿಸಿದರು. ನನಗೂ ಬೇರೇನೂ ಗೊತ್ತಿರಲಿಲ್ಲ. ಆ ಮಾತು ನಾರಾಯಣಪುರ ಮುಟ್ಟಲು ಹೊತ್ತು ಹಿಡಿಯಲಿಲ್ಲ.

ಮರುದಿನ ಆ ರೈತರು ಖಾಲಿ ಗಾಡಿ ಹೊಡೆದುಕೊಂಡು ಬಂದರು. ಸಂತೆಯ ದಿನವಲ್ಲ. ಸಲಿಕೆ, ಜರಡಿ ಇಳಿಸಿಕೊಂಡರು. ಕಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ.

“ದಾಸೋಹಂತ ಕೊಟ್ಟಿದ್ದು ಹಿಂಗಾತ್ರಿ ಮಾಸ್ತರ. ನಂದು ನಾ ತಿರುಗಿ ಒಯ್ತೀನಿ” ಎಂದರು.

ಎರಡು ಮಳೆಗಾಲ ನೆಲದಲ್ಲಿ ಕರಗಿದ ಗೊಬ್ಬರವನ್ನು ಹಿಂದಕ್ಕೆ ಒಯ್ಯುವುದು ಹೇಗೆ? ಹೇಳಿ ನೋಡಿದೆ, ಕೈ ಹಿಡಿದೂ ನೋಡಿದೆ. ಕೇಳಲಿಲ್ಲ. ಹಳದಿ ಹುಲ್ಲನ್ನು ಮಣ್ಣುಸಹಿತ ಎತ್ತಿ, ಜರಡಿ ಹಿಡಿದು, ಹುಳು ಆರಿಸಿ ಗಾಡಿಗೆ ತುಂಬಿದರು. ಹೋಗುವಾಗ ಶರಣು ಎಂದರು, ಅಷ್ಟೇ. ಆಮೇಲೆ ಸಂತೆಗೆ ಬಂದರೂ ಮೈದಾನದ ದಾರಿ ಹಿಡಿಯಲಿಲ್ಲ. ಅವರ ಗಾಡಿ ದೂರದಲ್ಲಿ ಹಾದುಹೋಗುವುದು ಕಾಣುತ್ತಿತ್ತು. ಕಟ್ಟೆಯ ಮೇಲೆ ಅವರು ಕೂರುತ್ತಿದ್ದ ಜಾಗ ಬಿಟ್ಟೇ ನಾನು ಕೂರುತ್ತಿದ್ದೆ. ಬಹಳ ಒಂಟಿ ಅನಿಸುತ್ತಿತ್ತು. ಚಳಿ ಮುಗಿಯುವುದರೊಳಗೆ ಗೋಲಿನ ಕಡೆ ಪಾಯ ತೋಡಿದರು.

ಕೆಲವು ವರ್ಷಗಳ ಮೇಲೆ ನನಗೆ ಹುಮನಾಬಾದಕ್ಕೆ ವರ್ಗವಾಯಿತು. ಅಲ್ಲಿಯೂ ಬಾಡಿಗೆ ಕೋಣೆ, ಅಲ್ಲಿಯೂ ಒಂದು ಮೈದಾನ. ಬುದ್ಧಿ ಬಾರದವನು ನಾನು, ಅಲ್ಲಿಯೂ ಕರಕಿ ಹಚ್ಚಿದೆ. ಅದೂ ಹಳದಿಯಾಯಿತು; ಎಳೆದರೆ ಅದೂ ಕಂಬಳಿಯಾಗಿ ಬಂತು. ಆದರೆ ಈ ಮೈದಾನಕ್ಕೆ ನಾನು ಒಂದು ಬುಟ್ಟಿ ಗೊಬ್ಬರವನ್ನೂ ಹಾಕಿರಲಿಲ್ಲ.

ಹುಳುಗಳನ್ನು ಡಬ್ಬಿಯಲ್ಲಿ ಹಾಕಿಕೊಂಡು ಕೃಷಿ ಕಚೇರಿಗೆ ಹೋದೆ. ಅಲ್ಲಿದ್ದ ಅಧಿಕಾರಿ ತಮ್ಮ ಹಿತ್ತಲಿನ ತಿಪ್ಪೆಯಿಂದ ಇನ್ನೊಂದು ಹುಳು ತರಿಸಿ, ಎರಡನ್ನೂ ಮೇಜಿನ ಮೇಲೆ ಬಿಟ್ಟರು. ನನ್ನದು ಕಾಲೂರಿ ತೆವಳಿತು. ತಿಪ್ಪೆಯದು ಅಂಗಾತ ಹೊರಳಿ, ಕಾಲು ಮೇಲೆ ಮಾಡಿ, ಬೆನ್ನಿನ ಮೇಲೆಯೇ ಸರಸರ ನಡೆಯಿತು. ಅದು ಕಳಿತದ್ದನ್ನು ಮಾತ್ರ ತಿನ್ನುತ್ತದೆ, ಜೀವಂತ ಬೇರನ್ನು ಮುಟ್ಟುವುದಿಲ್ಲ ಎಂದರು. ಬೇರು ತಿನ್ನುವ ಹುಳುವಿನ ತಾಯಿ ಒಂದು ದುಂಬಿ. ಮೊದಲ ಮಳೆ ಬಿದ್ದ ಸಂಜೆ ನೆಲದಿಂದ ಎದ್ದು ಬೇವಿನ ಎಲೆ ತಿಂದು, ಹತ್ತಿರದ ಮೆತ್ತನೆಯ ಮಣ್ಣಿನಲ್ಲಿ ಮೊಟ್ಟೆ ಇಡುತ್ತದೆ. ಆ ಹೊತ್ತಿಗೆ ಕೊಂಬೆ ಅಲುಗಾಡಿಸಿ, ಉದುರಿದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿದರೆ ಮುಕ್ಕಾಲು ಕೆಲಸ ಮುಗಿಯಿತು. ಅವರು ಹೇಳುತ್ತಲೇ ಇದ್ದರು. ನನಗೆ ಕಾಣುತ್ತಿದ್ದದ್ದು ಎತ್ತು ಕಟ್ಟುತ್ತಿದ್ದ ಆ ಬೇವಿನ ಮರ.

ಭಾನುವಾರ ಬಸ್ಸು ಹಿಡಿದು ಕಲ್ಯಾಣಕ್ಕೆ, ಅಲ್ಲಿಂದ ನಡೆದು ನಾರಾಯಣಪುರಕ್ಕೆ ಹೋದೆ. ರೈತರು ಬಹಳ ಮುದುಡಿದ್ದರು. ಗುರುತು ಹಿಡಿದರು, ಕೂರಿಸಿದರು, ಆದರೆ ಮುಖ ಎತ್ತಲಿಲ್ಲ. ನಮ್ಮ ಮೈದಾನಕ್ಕೆ ಕೊಟ್ಟ ತಿಪ್ಪೆ ಎಲ್ಲಿ ಎಂದು ಕೇಳಿದೆ. ಹಿತ್ತಲ ಮೂಲೆ ತೋರಿಸಿದರು. ಅಂದಿನಿಂದ ಅದನ್ನು ತಮ್ಮ ಹೊಲಕ್ಕೂ ಹಾಕಿರಲಿಲ್ಲ, ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಆಚೆ ಮೂಲೆಯಲ್ಲಿ ಬೇರೆ ತಿಪ್ಪೆ ಶುರು ಮಾಡಿದ್ದರು. ಹಳೆಯದರ ಮೇಲೆ, ನೆತ್ತಿಯಿಂದ ಬುಡದವರೆಗೆ, ಕರಕಿ ಬೆಳೆದಿತ್ತು. ನನ್ನ ಯಾವ ಮೈದಾನದಲ್ಲೂ ಅಂಥ ಕರಕಿ ಬೆಳೆದದ್ದಿಲ್ಲ.

ಎರಡೂ ಕೈಯಲ್ಲಿ ಹಿಡಿದು ಎಳೆದೆ. ಬರಲಿಲ್ಲ. ಸಲಿಕೆಯಿಂದ ಅಗೆದು ತೋರಿಸಿದೆ. ಹುಳುಗಳು ದಂಡಿಯಾಗಿದ್ದವು. ಅವುಗಳ ನಡುವೆಯೇ ಬೇರುಗಳು ಬೆಳ್ಳಗೆ, ಇಡಿಯಾಗಿ ಇಳಿದಿದ್ದವು. ಒಂದು ಹುಳುವನ್ನು ಕಲ್ಲಿನ ಮೇಲೆ ಬಿಟ್ಟೆ. ಅಂಗಾತ ಹೊರಳಿ ನಡೆಯಿತು. ಡಬ್ಬಿಯಲ್ಲಿ ತಂದಿದ್ದ ಇನ್ನೊಂದನ್ನು ಪಕ್ಕಕ್ಕೆ ಬಿಟ್ಟು, ನಮ್ಮ ಹುಲ್ಲು ತಿಂದದ್ದು ಇದು ಎಂದೆ. ಅವರು ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದರು.

“ಹಂಗಾದ್ರ ನಂದಲ್ಲೇನ್ರಿ?”

“ನಿಮ್ಮದಲ್ಲ, ಯಜಮಾನರೇ. ಯಾವತ್ತೂ ನಿಮ್ಮದಾಗಿರಲಿಲ್ಲ.”

ಅವರು ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡರು. ನನಗೂ ತಡೆಯಲಾಗಲಿಲ್ಲ. ಆಮೇಲೆ ಮಗನನ್ನು ಕರೆದು ಗಾಡಿ ಹೂಡಲು ಹೇಳಿದರು. ನನ್ನನ್ನು ಬಸ್ಸಿಗೆ ಬಿಡಲು ತಾವೇ ಬಂದರು. ಕಲ್ಯಾಣ ಸೇರಿದ ಮೇಲೆ ಎತ್ತುಗಳು ಶಾಲೆಯ ಕಡೆ ತಿರುಗಿದವು. ಅವರು ತಿರುಗಿಸಿದರೋ, ಅವೇ ತಿರುಗಿದವೋ ನಾನು ನೋಡಲಿಲ್ಲ. ಬೇವಿನ ಮರ ಇತ್ತು. ಕಟ್ಟೆ ಇತ್ತು. ಎತ್ತುಗಳನ್ನು ಕಟ್ಟಿ ಬಂದು ಮೊದಲಿನಂತೆ ನನ್ನ ಪಕ್ಕದಲ್ಲಿ ಕೂತರು. ನಮ್ಮೆದುರು ಬೀಗ ಹಾಕಿದ ತರಗತಿಗಳ ಉದ್ದನೆಯ ಗೋಡೆ.

ಅವರು ಆ ಗೋಡೆಯ ಒಂದು ಮೂಲೆಯನ್ನೇ ನೋಡುತ್ತಿದ್ದರು.

“ಆ ಹುಡುಗ ಒಬ್ಬನೇ ನಿಂದರ್ತಿದ್ನಲ್ರಿ, ಅದು ಅಲ್ಲೇ ಅಲ್ಲೇನು?” ಎಂದು ಕೇಳಿದರು.

ಹೌದು, ಅಲ್ಲೇ ಎಂದೆ.