ಮದುವೆಗೆ ಹೋದ ಕೆಂಪು ಟಾವೆಲ್

ಆಳಂದದ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಒಳಚರಂಡಿಗೆಂದು ಅರ್ಧ ರಸ್ತೆ ಅಗೆದಿದ್ದೆವು. ಉಳಿದರ್ಧದಲ್ಲಿ ಎರಡೂ ಕಡೆಯ ಗಾಡಿಗಳು ಸರದಿಯ ಮೇಲೆ ಹೋಗಬೇಕು. ಈ ತುದಿಗೆ ಸೂಪರ್‌ವೈಸರ್ ನಾನು, ಆ ತುದಿಗೆ ನಮ್ಮ ಹಿರಿಯ ಕೆಲಸಗಾರ ಚಾಚಾ. ನಡುವೆ ತಿರುವು, ಒಬ್ಬರಿಗೊಬ್ಬರು ಕಾಣುವುದಿಲ್ಲ. ಮೊದಲು ಫೋನಿನಲ್ಲೇ ನಡೆಸಿದೆವು. ಕಲ್ಲು ಒಡೆಯುವ ಮಷಿನ್ ಗದ್ದಲದಲ್ಲಿ ನನ್ನ ‘ಬ್ಯಾಡ್ರಿ’ ಅವರಿಗೆ ‘ಬಿಡ್ರಿ’ ಎಂದು ಕೇಳಿ, ಕಬ್ಬಿನ ಲಾರಿಯೂ ಬಸ್ಸೂ ಗುಂಡಿಯ ಅಂಚಿನಲ್ಲಿ ಎದುರುಬದುರು ನಿಂತವು. ನನ್ನ ಜೀವ ಬಾಯಿಗೆ ಬಂದಿತ್ತು. ಅಂದೇ ಕಾನೂನು ಮಾಡಿದೆ: ಕೊನೆಯ ಗಾಡಿಯವರ ಕೈಗೆ ಕೆಂಪು ಟಾವೆಲ್ ಕೊಡುವುದು, ಅದು ಆ ತುದಿ ಮುಟ್ಟಿದ ಮೇಲೆಯೇ ಅಲ್ಲಿಯ ಗಾಡಿ ಬಿಡುವುದು, ಅದು ಮರಳಿ ಬರುವವರೆಗೆ ಇಲ್ಲಿಯ ಗಾಡಿ ನಿಲ್ಲುವುದು.

ಹಳೆಯದು ಹರಿದಿತ್ತೆಂದು ಒಂದು ಬೆಳಿಗ್ಗೆ ಅಂಚಿದ್ದ ಹೊಸ ಟಾವೆಲ್ ತಂದೆ. ಕಡಗಂಚಿ ಕಡೆಯ ದಿಬ್ಬಣ ಬಂತು. ಕೊನೆಗೆ ಬಿಟ್ಟದ್ದು ವರನ ಟೆಂಪೊ. ಮುಂದೆ ಕುಳಿತಿದ್ದ ವರನ ತಂದೆಗೆ, ಹಿರಿಯರೆಂದು, ಎರಡೂ ಕೈಯಿಂದ ಟಾವೆಲ್ ಕೊಟ್ಟೆ. ಅವರು ನಕ್ಕು ಹೆಗಲಿಗೆ ಹಾಕಿಕೊಂಡರು. ಮದುವೆಯ ಉಡುಗೊರೆ, ಆಯೇರಿ ಎಂದುಕೊಂಡರು, ಪುಣ್ಯಾತ್ಮರು! ಅಲ್ಲಿ ಚಾಚಾ ಟಾವೆಲಿಗೆ ಕೈ ಚಾಚಿದರೆ ಡ್ರೈವರ್ ಕೈ ಕುಲುಕಿ ಮುಂದೆ ಹೋದ. ಹೂವಿನ ಹಾರಗಳ ಮರೆಯಲ್ಲಿ ಹಿರಿಯರ ಹೆಗಲು ಕಾಣಲಿಲ್ಲ.

ಇತ್ತ ನನ್ನ ಮುಂದೆ ಮದುಮಗಳ ಜೀಪು ನಿಂತಿತ್ತು. ಅಕ್ಷತೆ ಹಾಕುವ ಅಕ್ಕಿಕಾಳಿನ ಹೊತ್ತು ಸಮೀಪಿಸಿತ್ತು. ಒಂದೇ ಜೀಪು ಬಿಡಿ ಎಂದು ಅವರ ಮಂದಿ ಬೇಡಿದರು, ಆಮೇಲೆ ಬೈದರು. ನನ್ನ ಸಿಟ್ಟೂ ಮೂಗಿನ ತುದಿಯಲ್ಲೇ ಇರುವುದು, ನಾನೂ ಬೈದೆ. ಫೋನು ಮಾಡಿದರೆ ಟಾವೆಲ್ ಬಂದಿಲ್ಲ ಎಂಬುದೊಂದೇ ಚಾಚಾನ ಉತ್ತರ. ಕಲಿಸಿದವಳು ನಾನೇ, ಯಾರನ್ನು ಬೈಯಲಿ?

ಮದುಮಗಳು ಸೀರೆ ಎತ್ತಿಕೊಂಡು ಕೆಳಗಿಳಿದಳು. “ನಡ್ಕೊಂಡು ಹೋಗಾಕ ದಾರಿ ಅದ ಏನ್ರಿ, ಅಕ್ಕಾ?”

ಇತ್ತು. ಅಂಗಡಿ ಸಾಲಿಗೆ ಒತ್ತಿ ಹಗ್ಗ ಕಟ್ಟಿ ನಾನೇ ಮಾಡಿಸಿದ ಕಾಲುದಾರಿ. ಗಾಡಿ ತಡೆಯುವ ಬಾವುಟವನ್ನು ಜೊತೆಯ ಕೆಲಸದವಳಿಗೆ ಕೊಟ್ಟು, ನನ್ನ ಹೆಲ್ಮೆಟ್ ಮದುಮಗಳ ತಲೆಗಿಟ್ಟೆ. ಮಲ್ಲಿಗೆ ದಂಡೆಯ ಮೇಲೆ ಅದು ಅಲ್ಲಾಡುತ್ತಿತ್ತು. ನಿಂತ ಗಾಡಿಗಳವರೆಲ್ಲ ಕತ್ತು ಹೊರಹಾಕಿ ನಗತೊಡಗಿದರು. ಅವಳೂ ನಕ್ಕಳು, ನನಗಂತೂ ನಗು ತಡೆಯಲಾಗಲಿಲ್ಲ.

ಕಲ್ಯಾಣ ಮಂಟಪ ಚಾಚಾ ನಿಂತಲ್ಲಿಂದ ನಾಲ್ಕು ಹೆಜ್ಜೆ. ಚಾಚಾ ನಮ್ಮ ಹಿಂದೆಯೇ ಬಂದರು. ಬಾಗಿಲಲ್ಲಿ ವರನ ತಂದೆ, ಹೆಗಲ ಮೇಲೆ ನನ್ನ ಟಾವೆಲ್.

“ಮಾವಾರ, ಅದನ್ನ ಕೊಡ್ರಿ. ರಸ್ತಾ ನಿಂತದ,” ಎಂದಳು, ದಾರಿಯಲ್ಲಿ ನನ್ನಿಂದ ಟಾವೆಲಿನ ಕತೆ ಕೇಳಿದ್ದ ಮದುಮಗಳು.

ವಿಷಯ ತಿಳಿದು ಅವರ ಮುಖ ಸಣ್ಣದಾಯಿತು. “ಗುರ್ತಿಲ್ಲದ ಹುಡುಗಿ ಮರ್ಯಾದಿ ಮಾಡ್ಯಾಳಂತ ಎಲ್ಲರಿಗೂ ತೋರ್ಸೇನಿ, ತಂಗಿ,” ಎಂದು ಟಾವೆಲ್ ಮಡಚಿ ಕೊಟ್ಟರು. ನನ್ನ ನಗು ಅಲ್ಲಿಗೇ ನಿಂತಿತು.

ಚಾಚಾ ಮುಂದೆ ಬಂದರು. ಬೆವರು ಒರೆಸುವ ತಮ್ಮ ಚೌಕಳಿ ಟಾವೆಲನ್ನು ಕೊಡವಿ, ಆ ಹಿರಿಯರ ಹೆಗಲಿಗೆ ಹೊದಿಸಿದರು. “ಅದು ಕೆಲಸದ್ದ್ರಿ. ಇದು ಮರ್ಯಾದಿದು.”

ಹಿರಿಯರು ಅದನ್ನು ಎರಡೂ ಕೈಯಿಂದ ಹಿಡಿದುಕೊಂಡು, ಸೊಸೆಯನ್ನು ಕರೆದುಕೊಂಡು ಒಳಗೆ ಹೋದರು. ಅಕ್ಕಿಕಾಳಿಗೆ ನಾವು ನಿಲ್ಲಲಿಲ್ಲ, ಗಾಡಿ ಬಿಡಬೇಕಿತ್ತು.