ಟಗರು ಮೈ ಒದರಲಿಲ್ಲ

ದ್ಯಾವಪ್ಪನ ಕೆಲಸ ಮರಿ ಕಡಿಯುವುದು. ಮಾಂಸದಂಗಡಿಯಲ್ಲಲ್ಲ, ದೇವರ ಮುಂದೆ. ಹೆಬ್ಬೂರು ದಾಟಿ ಕುಣಿಗಲ್ ಕಡೆಗೆ ಹೋಗುವಾಗ ಸಿಗುವ ನಮ್ಮೂರಲ್ಲಿ ಅದು ಅವನಿಗೆ ಅಪ್ಪನಿಂದ ಬಂದ ಹಕ್ಕು. ಗುಬ್ಬಿ ಕಡೆಯವರೂ ಬಂದು ಕರೆದೊಯ್ಯುತ್ತಿದ್ದರು. ಒಂದೇ ಏಟು, ಎರಡನೆಯದಿಲ್ಲ. ಉಳಿದ ದಿನಗಳಲ್ಲಿ ರಾಗಿ ಹೊಲ, ಸೀಮೆ ಹಸು, ಡೈರಿ. ಇಷ್ಟು ಮೆತ್ತನೆಯ ಮನುಷ್ಯ ಸುತ್ತಮುತ್ತ ಇನ್ನೊಬ್ಬನಿರಲಿಲ್ಲ ಎಂದರೆ ನಗುವವರಿದ್ದಾರೆ. ನಗಲಿ, ಅವರಿಗೇನು ಗೊತ್ತು.

ಕಡಿಯುವುದಕ್ಕೊಂದು ನೇಮವಿದೆ. ಟಗರಿನ ಬೆನ್ನಿಗೆ ಅರಿಶಿನದ ನೀರು ಹಾಕಿ ಕಾಯಬೇಕು. ಅದು ಮೈ ಒದರಿದರೆ ಅಮ್ಮ ಒಪ್ಪಿದಳು ಎಂದರ್ಥ. ಒದರದಿದ್ದರೆ ಮಚ್ಚು ಎತ್ತುವಂತಿಲ್ಲ. ನೆಂಟರೆಲ್ಲ ಬಾಡೂಟಕ್ಕೆ ಕಾದು ಕೂತಿದ್ದರೂ, ಮನೆ ಯಜಮಾನನೇ ಗದರಿದರೂ ದ್ಯಾವಪ್ಪ ಎತ್ತುತ್ತಿರಲಿಲ್ಲ.

ಹೋದ ವರ್ಷ ನಮ್ಮ ಕರೇಕಲ್ಲಮ್ಮನ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸುತ್ತಾರೆಂದು ಸುದ್ದಿ ಬಂತು. ಊರವರ ಬಾಯಲ್ಲಿ ಅವು ಫ್ಯಾನು. ಗುಡ್ಡವೆಂದರೆ ದನ ಮೇಯುವ ಜಾಗ, ಕಟ್ಟೆಗೆ ನೀರಿಳಿಯುವ ಜಾಗ. ಬಂಡೆ ಸಿಡಿಸಿ ಅಲ್ಲಿಗೆ ರಸ್ತೆ ಮಾಡುತ್ತಾರಂತೆ. ಒಪ್ಪಿಗೆ ಕೊಟ್ಟವರು ಯಾರು? ತುಮಕೂರಿನಲ್ಲಿ ಫ್ಯಾನಿನ ಕೆಳಗೆ ಕೂತವರು. ನಮ್ಮನ್ನು ಒಂದು ಮಾತು ಕೇಳಿದ ನರಪಿಳ್ಳೆಯಿಲ್ಲ. ಈಗ ನೆನೆದರೂ ಮೈ ಉರಿಯುತ್ತದೆ. ದ್ಯಾವಪ್ಪನ ಅಕ್ಕನ ಮಗ ತಿಮ್ಮೇಶ್ ವಸಂತನರಸಾಪುರದ ಫ್ಯಾಕ್ಟರಿ ಕೆಲಸಕ್ಕೆ ರಜೆ ಹಾಕಿ ಗುಡ್ಡದ ಬುಡದಲ್ಲಿ ಶಾಮಿಯಾನ ಹಾಕಿಸಿದ. ಊರೇ ಹೋಗಿ ಅಲ್ಲಿ ಧರಣಿ ಕೂತಿತು.

ಫ್ಯಾನಿನ ಕಂಪನಿಗೆ ಜೆಸಿಬಿ, ಕೂಲಿಯಾಳು ಒದಗಿಸುತ್ತಿದ್ದವನು ನಾಗೇಶ್. ಅವನಿಗೊಂದು ತಾಪತ್ರಯ ಎದುರಾಯಿತು. ಬಲಿ ಕೊಡದೆ ಅಮ್ಮನ ಗುಡ್ಡ ಅಗೆಯುವುದಿಲ್ಲವೆಂದು ಅವನ ಡ್ರೈವರೇ ಕೈಕಟ್ಟಿ ಕೂತುಬಿಟ್ಟ. ನಾಗೇಶ್ ದ್ಯಾವಪ್ಪನನ್ನು ಹುಡುಕಿಕೊಂಡು ಬಂದ. ದ್ಯಾವಪ್ಪ ಒಪ್ಪಿದ, ಆದರೆ ಎಲ್ಲರೆದುರು ಒಂದು ಷರತ್ತು ಹಾಕಿದ.

"ಟಗ್ರು ಮೈ ಒದುರ್ತಾ, ನಾವು ಶಾಮಿಯಾನ ಕಿತ್ತಾಕ್ತೀವಿ. ಒದುರ್ಲಿಲ್ವಾ, ನೀನು ಗಾಡಿ ವಾಪಸ್ ತಗಂಡೋಗ್ಬೇಕು."

ನಾಗೇಶ್ ನಗುತ್ತಲೇ ಅಮ್ಮನ ಮೇಲೆ ಆಣೆ ಇಟ್ಟ. ತಿಮ್ಮೇಶ್ ಉರಿದುಬಿದ್ದ.

"ಒಂದು ಕುರಿ ಮೇಲೆ ಇಡೀ ಗುಡ್ಡ ಪಣಕ್ಕಿಟ್ಯಾ ಮಾವ? ತಲೆ ನೆಟ್ಟಗೈತಾ ನಿಂಗೆ?"

"ಕುರಿ ಮೇಲಲ್ಲ ಕಣ್ಲಾ, ಅಮ್ಮನ ಮೇಲೆ. ಅವ್ಳು ಒಪ್ಪಾಕಿಲ್ಲ ಬುಡು."

ಅಮ್ಮನನ್ನು ನಂಬಿದ್ದು ಸರಿ. ನಾಗೇಶನನ್ನೂ ನಂಬಿದನಲ್ಲ, ಅದಕ್ಕೇನು ಹೇಳೋಣ!

ಮಂಗಳವಾರ ಬೆಳಿಗ್ಗೆ ಊರೆಲ್ಲ ಗುಡ್ಡದ ಮೇಲಿತ್ತು. ದ್ಯಾವಪ್ಪ ಟಗರಿನ ಬೆನ್ನಿಗೆ ನೀರು ಹಾಕಿದ. ಅದು ಸುಮ್ಮನೆ ನಿಂತಿತ್ತು. ಮತ್ತೆ ಹಾಕಿದ. ಬೀಸುಗಾಳಿಗೆ ನಮಗೇ ಚಳಿ ಹತ್ತುತ್ತಿತ್ತು, ಅದು ಮಾತ್ರ ಅಲುಗಲಿಲ್ಲ. ಮೂರನೆಯ ಸಲವೂ ಅಷ್ಟೇ. ಹೆಂಗಸರು ಕೇಕೆ ಹಾಕಿದರು. ತಿಮ್ಮೇಶ್ ಮಾವನನ್ನು ತಬ್ಬಿಕೊಂಡ.

ಅಷ್ಟರಲ್ಲಿ ನಾಗೇಶ್ ಚೊಂಬು ಕಿತ್ತುಕೊಂಡು ಟಗರಿನ ಕಿವಿಯೊಳಕ್ಕೇ ನೀರು ಸುರಿದ. ಅದು ತಲೆಯಿಂದ ಬಾಲದವರೆಗೆ ಒದರಿಕೊಂಡಿತು.

"ನೋಡ್ರಪ್ಪಾ, ಒದುರ್ತು!"

"ಕಿವಿಗೆ ನೀರು ಬುಟ್ರೆ ನೀನೂ ಒದುರ್ತೀಯ," ಎಂದ ದ್ಯಾವಪ್ಪ. "ಇದು ಲೆಕ್ಕಕ್ಕಿಲ್ಲ. ನಾನು ಕಡಿಯಾಕಿಲ್ಲ."

ನಾಗೇಶ್ ಬೈದುಕೊಂಡು ಅವನ ಕೈಯಿಂದ ಮಚ್ಚು ಕಸಿದು ಬೀಸಿಯೇಬಿಟ್ಟ. ಕಡಿದು ಗೊತ್ತಿದ್ದರೆ ತಾನೆ? ಏಟು ಭುಜಕ್ಕೆ ಬಿತ್ತು. ಇನ್ನೊಂದು ಅರ್ಧ ಕುತ್ತಿಗೆಗೆ ಇಳಿದು ಮೂಳೆಗೆ ತಾಗಿ ನಿಂತಿತು. ಟಗರು ಕಿತ್ತುಕೊಂಡು ಓಡಿತು, ಜನರ ನಡುವೆ ರಕ್ತ ಚಿಮ್ಮಿಸುತ್ತ, ಕತ್ತು ಜೋಲಾಡಿಸುತ್ತ, ಅರಚುತ್ತ. ಆ ಅರಚಾಟ ಕೇಳಲಾಗದೆ ನಾನು ಕಿವಿ ಮುಚ್ಚಿಕೊಂಡೆ. ಅದು ಬಂದು ದ್ಯಾವಪ್ಪನ ಕಾಲ ಬಳಿಯೇ ಕುಸಿದು ಒದ್ದಾಡತೊಡಗಿತು. ಅವನು ಬಗ್ಗಿ, ನಾಗೇಶ್ ಬಿಸಾಕಿದ್ದ ಮಚ್ಚು ತೆಗೆದುಕೊಂಡು ಒಂದೇ ಏಟಿಗೆ ಅದರ ನೋವು ಮುಗಿಸಿದ.

ಮುಗಿಸಿದ ಮೇಲೆ ಅವನಿಗೆ ಹೊಳೆಯಿತು. ಕಡಿದವನು ತಾನೇ ಆಗಿಬಿಟ್ಟಿದ್ದ.

"ಆಯ್ತು ಕಣ್ರೋ!" ಎಂದು ಕೂಗಿದ ನಾಗೇಶ್. ಅವನ ಆಳು ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿಯುತ್ತಿದ್ದ. "ನಿಮ್ಮೂರ ದ್ಯಾವಪ್ಪನ ಕೈಲೇ ಬಲಿ ಆಯ್ತು! ಬುಡ್ರೋ ಗಾಡಿ!"

ಜೆಸಿಬಿ ಗುರುಗುಟ್ಟಿತು. ಮೊದಲ ಕಲ್ಲು ಯಾರದೋ ಗೊತ್ತಿಲ್ಲ, ನಾಗೇಶನ ಹಣೆ ಸೀಳಿತು. ಆಮೇಲೆ ಲೆಕ್ಕವಿಲ್ಲ. ಗಾಜು ಪುಡಿಪುಡಿಯಾಯಿತು. ಡ್ರೈವರನ್ನು ಎಳೆದು ಕೆಡವಿ ತುಳಿದರು. ನಾಗೇಶನ ಆಳುಗಳು ಕಬ್ಬಿಣದ ಪೈಪು ತಂದು ಹೆಂಗಸರೆನ್ನದೆ ಬೀಸಿದರು. ಒಬ್ಬಳ ದವಡೆ ಮುರಿಯಿತು. ತಿಮ್ಮೇಶ್ ಒಂದು ಪೈಪು ಕಿತ್ತುಕೊಂಡು ನಾಗೇಶನತ್ತ ಓಡುತ್ತಾನೆ ಎಂದುಕೊಂಡೆ. ಅವನು ಓಡಿದ್ದು ಮಾವನತ್ತ.

"ಗುಡ್ಡ ಮಾರ್ಬುಟ್ಯಲ್ಲೋ!"

ಬಲಗೈ ಮೇಲೆ ಬಡಿದ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ದ್ಯಾವಪ್ಪ ಬಿದ್ದ ಮೇಲೂ ಬಡಿದ. ಊರಿನವರೇ ಸೇರಿಕೊಂಡು ಒದ್ದರು. ಹೆಂಡತಿ ಮರಿಯಮ್ಮ ಅವನ ಮೇಲೆ ಬಿದ್ದು, ಬಿದ್ದ ಒದೆಯನ್ನೆಲ್ಲ ಬೆನ್ನಿಗೆ ತಗೊಂಡಳು. ಪೊಲೀಸರು ಬಂದು ಕಂಡವರಿಗೆಲ್ಲ ಲಾಠಿ ಬೀಸಿದಾಗಲೇ ಜನ ಚದುರಿದ್ದು.

ತುಮಕೂರಿನ ಆಸ್ಪತ್ರೆಗೆ ಸಬ್ ಇನ್ಸ್‌ಪೆಕ್ಟರ್ ಬಂದ.

"ಹೊಡೆದೋನು ತಿಮ್ಮೇಶ್ ತಾನೆ? ಹೂಂ ಅನ್ನು ಸಾಕು, ಇವತ್ತೇ ಒಳಗೆ ಹಾಕ್ತೀನಿ."

"ಟಗ್ರು ಗುಮ್ತು ಸ್ವಾಮಿ."

"ತಮಾಷೆನಾ? ಕೈ ಮೂರು ಕಡೆ ಮುರಿದಿದೆ!"

"ಬಾಳ ಜೋರಾಗಿ ಗುಮ್ತು."

ಸಬ್ ಇನ್ಸ್‌ಪೆಕ್ಟರ್ ಹೋದದ್ದೇ ತಡ, ಮರಿಯಮ್ಮ ಗಂಡನ ಮೇಲೆ ಹರಿಹಾಯ್ದಳು. "ಕೊಲ್ಲಾಕ್ ಬಂದೋನ್ನ ಕಾಪಾಡ್ತೀಯಲ್ಲ, ನಿಂಗೇನು ಬಂತು ರೋಗ?"

"ಅವ್ನು ಒಳಕ್ಕೋದ್ರೆ ಗುಡ್ಡಕ್ಕೆ ಯಾರವ್ರೆ ಹೇಳು," ಎಂದು ಅವನು ಗೋಡೆ ಕಡೆ ಹೊರಳಿಕೊಂಡ.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಊರಿಗೆ ಬಂದವನು ನೇರ ಶಾಮಿಯಾನಕ್ಕೆ ಹೋದ. ಅಷ್ಟರಲ್ಲಿ ಅವನು ಮಚ್ಚು ಎತ್ತಿದ ವಿಡಿಯೋ ಎಲ್ಲರ ಮೊಬೈಲಿಗೂ ಬಂದಿತ್ತು, ಅದರ ಹಿಂದಿನದನ್ನೆಲ್ಲ ಕತ್ತರಿಸಿ. ಯಾರೂ ಮಾತಾಡಿಸಲಿಲ್ಲ, ಜಾಗ ಬಿಡಲಿಲ್ಲ. ಅವನು ಆಚೆ, ಗಾಡಿ ದಾರಿಯ ಪಕ್ಕ ಬಿಸಿಲಲ್ಲಿ ಕೂತ. ಮಾರನೆಯ ದಿನವೂ ಬಂದು ಅಲ್ಲೇ ಕೂತ. ಅವನನ್ನು ನೋಡಿ ನನಗೆ ಅಳು ಬರುತ್ತಿತ್ತು, ಊರಿನವರ ಮೇಲೆ ಸಿಟ್ಟೂ ಬರುತ್ತಿತ್ತು.

ಸೋಮವಾರ ಜೆಸಿಬಿ ಮತ್ತೆ ಬಂತು. ಹೊಸ ಡ್ರೈವರ್, ಹಿಂದೆ ಪೊಲೀಸ್ ವ್ಯಾನು. ಶಾಮಿಯಾನದವರು ಏಳುವಷ್ಟರಲ್ಲಿ ಗಾಡಿ ದಾರಿಗೆ ನುಗ್ಗಿತ್ತು. ಎದುರಿಗಿದ್ದವನು ದ್ಯಾವಪ್ಪ ಒಬ್ಬನೇ. ಅವನು ಎದ್ದು ಹೋಗಿ ದಾರಿಗೆ ಅಡ್ಡ ಮಲಗಿದ. ಡ್ರೈವರ್ ಹೆದರಿಸಲೆಂದು ಬಕೆಟ್ ಇಳಿಸಿ ಮುಂದೆ ತಳ್ಳಿದ. ಮಣ್ಣೂ ಕಲ್ಲೂ ಅವನ ಕಾಲ ಮೇಲೆ ಉರುಳಿದವು. ಬಕೆಟ್ಟಿನ ಹಲ್ಲು ತೊಡೆಗೆ ತಾಗಿ ಪಂಚೆ ಕೆಂಪಾಯಿತು. ಅವನು ಕಿರುಚಿದ, ಆದರೆ ಏಳಲಿಲ್ಲ.

ತಿಮ್ಮೇಶ್ ಹುಚ್ಚು ಹಿಡಿದವನಂತೆ ಓಡಿಬಂದು ಬಕೆಟ್ಟಿಗೂ ಮಾವನಿಗೂ ನಡುವೆ ಬಿದ್ದುಕೊಂಡ. ಅವನ ಹಿಂದೆ ಅಂದು ಒದ್ದಿದ್ದವರೆಲ್ಲ ಬಂದು ಬಿದ್ದರು. ದಾರಿ ತುಂಬ ಜನ. ಡ್ರೈವರ್ ಎಂಜಿನ್ ಆಫ್ ಮಾಡಿದ.

ತಿಮ್ಮೇಶ್ ಅಳುತ್ತಿದ್ದ. "ಬಾಳ ನೋಯ್ತಾ ಮಾವ?"

"ಹೂಂ ಕಣ್ಲಾ, ಬಾಳ ನೋಯ್ತದೆ," ಎಂದ ದ್ಯಾವಪ್ಪ. "ಎದ್ದೇಳ್ಬ್ಯಾಡ, ಮಲ್ಗಿರು."